ಬೆಲೆ ಸೊನ್ನೆಯ ಗೇಮ್‌ಗಳು: ಓಡಿಸುವ ಬಗೆ, ಮಾಡಿದವರಿಗೆ ದುಡ್ಡು ತಲುಪಿಸುವ ಬಗೆ

ಅಮೆರಿಕದ ಜೇಸನ್ ರೋರರ್ 2007ರಲ್ಲಿ ಹೊರತಂದ 'ಪ್ಯಾಸೇಜ್' ಐದೇ ನಿಮಿಷಕ್ಕೆ ಮುಗಿಯುತ್ತದೆ. ಆಟದ ಚಿತ್ರ 100 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಒಂದು ಪಟ್ಟಿ, ಅಷ್ಟೇ. ಎಡತುದಿಯಲ್ಲಿ ಒಬ್ಬ ನಿಂತಿದ್ದಾನೆ, ಹತ್ತಿರದಲ್ಲೇ ಒಬ್ಬಳಿದ್ದಾಳೆ. ಅವಳನ್ನು ಮುಟ್ಟಿದರೆ ಇಬ್ಬರೂ ಜೊತೆಯಾಗಿ ನಡೆಯುತ್ತಾರೆ. ಆದರೆ ಜೋಡಿ ಅಗಲವಾದ್ದರಿಂದ ಒಬ್ಬನೇ ಆಗಿದ್ದರೆ ನುಸುಳಬಹುದಾಗಿದ್ದ ಸಂದಿಗಳು ಮುಚ್ಚಿಹೋಗುತ್ತವೆ, ಅಲ್ಲಿರುವ ನಿಧಿ ಪೆಟ್ಟಿಗೆಗಳು ಸಿಗುವುದಿಲ್ಲ. ನಡೆಯುತ್ತಿದ್ದಂತೆ ಇಬ್ಬರಿಗೂ ವಯಸ್ಸಾಗುತ್ತದೆ. ಅವಳು ಸಾಯುತ್ತಾಳೆ, ಅವನ ನಡಿಗೆ ನಿಧಾನವಾಗುತ್ತದೆ, ಕೊನೆಗೆ ಅವನೂ ಸಮಾಧಿಕಲ್ಲಾಗುತ್ತಾನೆ. ಗೆಲ್ಲುವುದು ಅಂತ ಏನೂ ಇಲ್ಲ.

ಇದನ್ನು ಐದು ಡಾಲರ್‌ಗೆ ಮಾರಲು ಇಟ್ಟಿದ್ದರೆ ಏನಾಗುತ್ತಿತ್ತು? ಕೊಳ್ಳುವವರು ಮೊದಲು ಕೇಳುವುದೇ 'ಎಷ್ಟು ಗಂಟೆ ಆಡಬಹುದು' ಅಂತ. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ನಿಯಮದ ಪ್ರಕಾರ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಐದು ನಿಮಿಷದ ಗೇಮನ್ನು ಪೂರ್ತಿ ಆಡಿ, ಅತ್ತು, ಕಣ್ಣೊರೆಸಿಕೊಂಡು, ದುಡ್ಡನ್ನೂ ವಾಪಸ್ ತೆಗೆದುಕೊಳ್ಳಬಹುದು! ಇಂಥ ಗೇಮ್ ಹುಟ್ಟಬೇಕಾದರೆ ಬೆಲೆ ಸೊನ್ನೆ ಇರಲೇಬೇಕು. ಬೆಲೆ ಬಂದ ಕೂಡಲೇ ಉದ್ದ, ಗ್ರಾಫಿಕ್ಸ್, ಮಟ್ಟಗಳ ಸಂಖ್ಯೆ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಹಾಗಾಗಿ ಬೆಂಬಲಿಸುವವರು ಆಡಿದ ಗೇಮಿನ ಬೆಲೆ ಎಷ್ಟಿರಬಹುದು ಎಂದು ಅಳೆಯುತ್ತ ಕೂರುವುದು ವ್ಯರ್ಥ. ಅದನ್ನು ಮಾಡಿದ ಒಬ್ಬರೇ ಒಬ್ಬರು ಮುಂದಿನದನ್ನೂ ಮಾಡುವಂತಾಗಬೇಕು, ಕೊಡುವ ದುಡ್ಡು ಅದಕ್ಕೆ.

ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಮೊದಲ ಬಾರಿಗೆ 14 ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಪ್ಯಾಕ್‌ಮ್ಯಾನ್, ಟೆಟ್ರಿಸ್ ಜೊತೆಗೆ ಪ್ಯಾಸೇಜ್ ಕೂಡ ಇತ್ತು. ಆ ಪಟ್ಟಿಯ ಡ್ವಾರ್ಫ್ ಫೋರ್ಟ್ರೆಸ್, ಫ್ಲೋ, ಕೆನಬಾಲ್ಟ್ ಮೂರೂ ಮೊದಲು ಜನರ ಕೈಗೆ ಬಂದದ್ದು ಉಚಿತವಾಗಿಯೇ.

'ಉಚಿತ' ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಫೋನಿನ ಗೇಮ್‌ಗಳು: ಇನ್‌ಸ್ಟಾಲ್ ಮಾಡಲು ದುಡ್ಡಿಲ್ಲ, ಒಳಗೆ ಹೋದರೆ ಜಾಹೀರಾತು, ನಾಣ್ಯ, ವಜ್ರ. ಅದು ಫ್ರೀ-ಟು-ಪ್ಲೇ, ಪಕ್ಕಾ ವ್ಯಾಪಾರ. ಫ್ರೀವೇರ್ ಅಂದರೆ ಇಡೀ ಗೇಮ್ ಉಚಿತ, ಆದರೆ ಹಕ್ಕು ಮಾಡಿದವರದೇ. ಓಪನ್ ಸೋರ್ಸ್ ಆದರೆ ಕೋಡ್ ಕೂಡ ಸಿಗುತ್ತದೆ, ಲೈಸೆನ್ಸ್ ಹೇಳಿದಂತೆ ಬದಲಿಸಬಹುದು. ರೋರರ್ ಅವರು ಪ್ಯಾಸೇಜನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟಿದ್ದಾರೆ, ಅದನ್ನು ಯಾರು ಏನು ಬೇಕಾದರೂ ಮಾಡಬಹುದು. ಜಪಾನಿನ ದೈಸುಕೆ ಅಮಾಯಾ ಐದು ವರ್ಷ ಕೂತು ಕೋಡ್, ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಒಬ್ಬರೇ ಮಾಡಿ 2004ರ ಡಿಸೆಂಬರ್‌ನಲ್ಲಿ ಉಚಿತವಾಗಿ ಕೊಟ್ಟ 'ಕೇವ್ ಸ್ಟೋರಿ' ಹಾಗಲ್ಲ. ಅದರ ವಾಣಿಜ್ಯ ಆವೃತ್ತಿಗಳು ನಂತರ ಬಂದವು. ಅಭಿಮಾನಿಗಳು ಅದರ ಕೋಡನ್ನು ಮರುಸೃಷ್ಟಿಸಿ ಇಟ್ಟಿದ್ದ ಒಂದು ಪ್ರಾಜೆಕ್ಟನ್ನು 2020ರಲ್ಲಿ ಹಕ್ಕುಸ್ವಾಮ್ಯದ ನೋಟಿಸ್ ಕೊಟ್ಟು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ತೆಗೆಸಲಾಯಿತು. ಬಿಟ್ಟಿ ಸಿಕ್ಕಿತೆಂದು ಇನ್ನೊಂದು ಕಡೆ ಅಪ್‌ಲೋಡ್ ಮಾಡುವ ಮೊದಲು ಜಿಪ್ ಒಳಗಿನ ರೀಡ್‌ಮಿ ಕಡತ ಓದಿ, ಲೈಸೆನ್ಸ್ ಎರಡೇ ಸಾಲಿನದಾದರೂ ಸಾಮಾನ್ಯವಾಗಿ ಅಲ್ಲಿರುತ್ತದೆ.

ಓಡಿಸುವಾಗ ಕೈಕೊಡುವ ಜಾಗಗಳು

ಇಂಥ ಗೇಮ್‌ಗಳು ಇವತ್ತು ಬಹುಪಾಲು ಸಿಗುವುದು ಇಚ್.ಐಒ ತಾಣದಲ್ಲಿ. ಲೀಫ್ ಕೋರ್ಕೊರನ್ 2013ರಲ್ಲಿ ಶುರು ಮಾಡಿದ ತಾಣವಿದು. ಬ್ರೌಸರ್‌ನಲ್ಲೇ ಆಡುವಂಥದ್ದಾದರೆ ಸರಿ. ಜಿಪ್ ಆದರೆ ಮೊದಲ ತಪ್ಪು ಅಲ್ಲೇ ಆಗುತ್ತದೆ: ಹೊರತೆಗೆಯದೆ, ಜಿಪ್ ಒಳಗಿನ ಫೈಲಿನ ಮೇಲೆಯೇ ಡಬಲ್ ಕ್ಲಿಕ್ ಮಾಡುವುದು. ಆಗ ವಿಂಡೋಸ್ ಆ ಒಂದು ಫೈಲನ್ನು ಮಾತ್ರ ತಾತ್ಕಾಲಿಕ ಫೋಲ್ಡರ್‌ಗೆ ತೆಗೆಯುತ್ತದೆ, ಪಕ್ಕದಲ್ಲಿರಬೇಕಾದ ಚಿತ್ರ, ಧ್ವನಿಯ ಕಡತಗಳು ಸಿಗದೆ ಗೇಮ್ ಕುಸಿಯುತ್ತದೆ. ಪೂರ್ತಿ ಹೊರತೆಗೆಯಿರಿ. ತೆಗೆಯುವ ಫೋಲ್ಡರ್‌ನ ಹಾದಿಯಲ್ಲಿ ಕನ್ನಡ ಅಕ್ಷರ ಇರದಂತೆ ನೋಡಿಕೊಳ್ಳಿ. ಹಳೆಯ ಎಂಜಿನ್‌ಗಳಿಗೆ (ಗೇಮ್ ಕಟ್ಟಲು ಬಳಸುವ ತಂತ್ರಾಂಶಗಳಿಗೆ) ಇಂಗ್ಲಿಷೇತರ ಅಕ್ಷರಗಳ ಯೂನಿಕೋಡ್ ಹಾದಿ ಓದಲು ಹಲವು ಸಲ ಬರುವುದಿಲ್ಲ. ವಿಂಡೋಸ್‌ನಲ್ಲಿ ನಿಮ್ಮ ಹೆಸರನ್ನೇ ಕನ್ನಡದಲ್ಲಿ ಇಟ್ಟುಕೊಂಡಿದ್ದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡರ ಹಾದಿಯಲ್ಲೂ ಅದು ಬರುತ್ತದೆ. ಡಿ ಡ್ರೈವ್‌ನಲ್ಲಿ ಇಂಗ್ಲಿಷ್ ಹೆಸರಿನ ಒಂದು ಫೋಲ್ಡರ್ ಮಾಡಿಟ್ಟುಕೊಂಡರೆ ಈ ರಗಳೆ ತಪ್ಪುತ್ತದೆ.

ಆಮೇಲೆ ಎದುರಾಗುವುದು ವಿಂಡೋಸ್‌ನ ಕಾವಲು ವ್ಯವಸ್ಥೆಯಾದ ಸ್ಮಾರ್ಟ್‌ಸ್ಕ್ರೀನ್‌ನ ನೀಲಿ ಎಚ್ಚರಿಕೆ. ಹೆಚ್ಚಿನ ಸಲ ಇದಕ್ಕೆ ವೈರಸ್ ಕಾರಣವಲ್ಲ. ಒಬ್ಬಂಟಿ ಡೆವಲಪರ್ ಡಿಜಿಟಲ್ ಸಹಿಗೆ ದುಡ್ಡು ಕಟ್ಟಿರುವುದಿಲ್ಲ, ಆ ಫೈಲನ್ನು ಇಳಿಸಿಕೊಂಡವರೂ ಕಡಿಮೆ, ಹಾಗಾಗಿ ವಿಂಡೋಸ್‌ಗೆ ಅದರ ಪರಿಚಯವಿಲ್ಲ. 'ಮೋರ್ ಇನ್ಫೋ' ಒತ್ತಿದರೆ 'ರನ್ ಎನಿವೇ' ಕಾಣಿಸುತ್ತದೆ. ಒತ್ತುವ ಮುಂಚೆ ಫೈಲನ್ನು ಹಲವು ವೈರಸ್ ಸ್ಕ್ಯಾನರ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಹಾಕಿ. ಎಪ್ಪತ್ತು ಚಿಲ್ಲರೆ ಸ್ಕ್ಯಾನರ್‌ಗಳಲ್ಲಿ ಹೆಸರೇ ಕೇಳಿರದ ಒಂದೆರಡು ಅಪಸ್ವರ ಎತ್ತಿದರೆ ಸಾಮಾನ್ಯವಾಗಿ ಸುಳ್ಳು ಎಚ್ಚರಿಕೆ. ಹೆಸರಾಂತ ನಾಲ್ಕಾರು ಒಂದೇ ಮಾತು ಹೇಳಿದರೆ ಅಳಿಸಿಬಿಡಿ. ಮ್ಯಾಕ್‌ನಲ್ಲಿ ಸಹಿಗಾಗಿ ಡೆವಲಪರ್ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಉಚಿತ ಗೇಮ್‌ಗೆ ಹೆಚ್ಚಿನವರು ಕಟ್ಟುವುದಿಲ್ಲ. ಮೊದಲು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ತೆರೆಯಬಹುದಿತ್ತು. ಸೆಕೋಯಾ ಆವೃತ್ತಿಯಿಂದ ಆ ದಾರಿ ಮುಚ್ಚಿದೆ, ಒಮ್ಮೆ ತೆರೆಯಲು ನೋಡಿ, ಬೈಸಿಕೊಂಡು, ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ 'ಓಪನ್ ಎನಿವೇ' ಒತ್ತಬೇಕು.

ಜಪಾನಿನ ಹಳೆಯ ಫ್ರೀವೇರ್ ಒಂದು ದೊಡ್ಡ ಖಜಾನೆ. ಕಿಕಿಯಾಮಾ ಎಂಬ ಅನಾಮಧೇಯರ 'ಯುಮೆ ನಿಕ್ಕಿ' (2004), ಕೌರಿ ಅವರ 'ಇಬ್' (2012) ಎರಡೂ ಆರ್‌ಪಿಜಿ ಮೇಕರ್ ಎಂಬ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಹುಟ್ಟಿದವು. ಇವುಗಳ ಮೂಲ ಜಪಾನಿ ಜಿಪ್ ತೆಗೆದರೆ ಕಡತಗಳ ಹೆಸರು ಕಲಸುಮೇಲೋಗರವಾಗುತ್ತದೆ, ಯಾಕೆಂದರೆ ಅವು ಇರುವುದು ಜಪಾನಿ ಅಕ್ಷರಗಳ ಹಳೆಯ ಶಿಫ್ಟ್-ಜಿಸ್ ಸಂಕೇತದಲ್ಲಿ, ನಮ್ಮ ವಿಂಡೋಸ್ ಓದುವುದು ಬೇರೆಯದರಲ್ಲಿ. ಹೆಸರು ಕೆಟ್ಟರೆ ಗೇಮ್‌ಗೆ ತನ್ನದೇ ಚಿತ್ರಗಳು ಸಿಗುವುದಿಲ್ಲ. ಬ್ಯಾಂಡಿಜಿಪ್‌ನಂಥ ತಂತ್ರಾಂಶದಲ್ಲಿ ಹೊರತೆಗೆಯುವಾಗಲೇ ಕೋಡ್ ಪೇಜ್ ಜಪಾನೀಸ್ ಎಂದು ಆರಿಸಿ, ಗೇಮನ್ನು ಲೊಕೇಲ್ ಎಮ್ಯುಲೇಟರ್ (ಇದು ಜಪಾನಿ ವಿಂಡೋಸ್ ಎಂದು ಗೇಮ್‌ಗೆ ನಂಬಿಸುವ ತಂತ್ರಾಂಶ) ಮೂಲಕ ತೆರೆಯಿರಿ. ಆರ್‌ಪಿಜಿ ಮೇಕರ್ 2000 ಮತ್ತು 2003ರ ಗೇಮ್‌ಗಳಿಗೆ ಇನ್ನೂ ಸುಲಭದ ದಾರಿ ಈಸಿಆರ್‌ಪಿಜಿ ಪ್ಲೇಯರ್. ಅದು ಲಿನಕ್ಸ್, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಯುಮೆ ನಿಕ್ಕಿಯಂತೂ 2018ರಿಂದ ಸ್ಟೀಮ್‌ನಲ್ಲೇ ಉಚಿತವಾಗಿ ಸಿಗುತ್ತದೆ.

ಗೇಮ್ ಹುಚ್ಚು ವೇಗದಲ್ಲಿ ಓಡಿದರೆ ನಿಮ್ಮ ಮಾನಿಟರ್‌ನ ರಿಫ್ರೆಶ್ ದರ ನೋಡಿ. ಕೆಲವು ಹಳೆಯ ಗೇಮ್‌ಗಳಲ್ಲಿ ಕಾಲದ ಲೆಕ್ಕವನ್ನು ಪರದೆಗೆ ಕಟ್ಟಿರುತ್ತಾರೆ. 60 ಹರ್ಟ್ಸ್‌ಗೆ ಬರೆದದ್ದು 144ರಲ್ಲಿ 2.4 ಪಟ್ಟು ಓಡುತ್ತದೆ. ಮಾನಿಟರನ್ನೇ 60ಕ್ಕೆ ಇಳಿಸಿ ಆಡಿ.

ದುಡ್ಡು ಎಲ್ಲಿ ಸೋರುತ್ತದೆ

ಇಚ್‌ನಲ್ಲಿ ಡೌನ್‌ಲೋಡ್ ಒತ್ತಿದರೆ 'ಇಷ್ಟವಿದ್ದಷ್ಟು ಕೊಡಿ' ಎಂಬ ಪೆಟ್ಟಿಗೆ ಬರುತ್ತದೆ, ಅದರ ಮೇಲೆ 'ಬೇಡ, ನೇರ ಡೌನ್‌ಲೋಡ್‌ಗೆ ಕರೆದೊಯ್ಯಿ' ಎಂಬ ಕೊಂಡಿ. ಬಹುಪಾಲು ಜನ ಕಣ್ಣು ಹಾಯಿಸದೆ ಒತ್ತುವುದು ಅದನ್ನೇ, ಅದರಲ್ಲಿ ತಪ್ಪೂ ಇಲ್ಲ. ಕೊಡಲು ಮನಸ್ಸು ಮಾಡಿದವರು ಒಂದು ಲೆಕ್ಕ ತಿಳಿದಿರಬೇಕು. ಇಚ್ ತಾಣ ತನ್ನ ಪಾಲು ಎಷ್ಟೆಂದು ಡೆವಲಪರ್‌ಗೇ ತೀರ್ಮಾನಿಸಲು ಬಿಡುತ್ತದೆ. ಸುಮ್ಮನಿದ್ದರೆ ಶೇ 10, ಬೇಕಾದರೆ ಸೊನ್ನೆಗೂ ಇಳಿಸಬಹುದು. ಅದರ ಮೇಲೆ ಪಾವತಿ ಕಂಪನಿಯ ಶುಲ್ಕ, ಅಮೆರಿಕದ ಸಾಮಾನ್ಯ ದರದಲ್ಲಿ ಶೇ 2.9 ಮತ್ತು ಪ್ರತಿ ವ್ಯವಹಾರಕ್ಕೆ 30 ಸೆಂಟ್. ಒಂದು ಡಾಲರ್ ಕೊಟ್ಟರೆ ಶುಲ್ಕ 33 ಸೆಂಟ್, ತಾಣಕ್ಕೆ 10, ಮಾಡಿದವರಿಗೆ ಉಳಿಯುವುದು 57. ಐದು ಡಾಲರ್ ಒಟ್ಟಿಗೆ ಕೊಟ್ಟರೆ ಸುಮಾರು 4 ಡಾಲರ್ 5 ಸೆಂಟ್ ಉಳಿಯುತ್ತದೆ. ಅದೇ ಐದನ್ನು ಐದು ಸಲ ಒಂದೊಂದಾಗಿ ಕೊಟ್ಟರೆ 2 ಡಾಲರ್ 85 ಸೆಂಟ್. ಒಬ್ಬರ ಹತ್ತು ಪುಟ್ಟ ಗೇಮ್ ಇಷ್ಟವಾಗಿದ್ದರೆ ಹತ್ತಕ್ಕೂ ಚಿಲ್ಲರೆ ಹಾಕಬೇಡಿ, ಒಂದರ ಮೇಲೆ ಒಟ್ಟು ಹಾಕಿ.

ಕಾಣಿಕೆ ಪಡೆಯಲೆಂದೇ ಇರುವ ಕೋ-ಫಿ ತಾಣದಲ್ಲಿ ಒಂದು ಸಲದ ಕಾಣಿಕೆಗೆ ತಾಣದ ಕಮಿಷನ್ ಇಲ್ಲ, ಪಾವತಿ ಶುಲ್ಕ ಮಾತ್ರ. ಪೇಟ್ರಿಯಾನ್ ತಾಣ ಇರುವುದು ತಿಂಗಳ ಚಂದಾಗೆ. 2025ರ ಆಗಸ್ಟ್‌ನಿಂದ ಹೊಸದಾಗಿ ಸೇರಿದ ಕಲಾವಿದರಿಗೆ ತಾಣದ ಪಾಲು ಶೇ 10. ಐಫೋನಿನ ಪೇಟ್ರಿಯಾನ್ ಆ್ಯಪ್ ಒಳಗಿಂದ ಆ್ಯಪಲ್ ಮೂಲಕ ಚಂದಾ ಶುರು ಮಾಡಿದರೆ ಆ್ಯಪಲ್‌ನ ಶೇ 30 ಬೇರೆ ಬೀಳುತ್ತದೆ. ಅದೇ ಚಂದಾವನ್ನು ಬ್ರೌಸರ್‌ನಿಂದ ಶುರು ಮಾಡಿದರೆ ಇಲ್ಲ. ಸ್ಟೀಮ್‌ನಲ್ಲಿ ಉಚಿತ ಗೇಮ್‌ಗೆ ಕಾಣಿಕೆ ಹಾಕುವ ಪೆಟ್ಟಿಗೆಯೇ ಇಲ್ಲ. ಪ್ರತಿ ಗೇಮ್‌ಗೆ 100 ಡಾಲರ್ ಪ್ರವೇಶ ಶುಲ್ಕ, ಅದು ವಾಪಸ್ ಬರುವುದು ಗೇಮ್ 1,000 ಡಾಲರ್ ಗಳಿಸಿದ ಮೇಲೆ. ಬೆಲೆಯೇ ಇಲ್ಲದ ಗೇಮ್ ಗಳಿಸುವುದೇನು? ಅದಕ್ಕೇ ಕೆಲವರು 'ಸಪೋರ್ಟರ್ ಪ್ಯಾಕ್' ಎಂದು ಸಂಗೀತವನ್ನೋ ಚಿತ್ರಗಳ ಪುಸ್ತಕವನ್ನೋ ಪಕ್ಕದಲ್ಲಿ ಮಾರುತ್ತಾರೆ. ಅಂಥದ್ದಿದ್ದರೆ ಕೊಳ್ಳಿ, ಶೇ 30 ಸ್ಟೀಮ್‌ಗೆ ಹೋದರೂ ಅದು ನೇರವಾದ ಸಹಾಯ.

ಕಾಣಿಕೆಯಿಂದ ಬದುಕು ನಡೆಯುತ್ತದೆಯೇ ಎನ್ನುವವರು ಡ್ವಾರ್ಫ್ ಫೋರ್ಟ್ರೆಸ್‌ನ ಕತೆಯನ್ನು ಪೂರ್ತಿ ನೋಡಬೇಕು. ಟಾರ್ನ್ ಆ್ಯಡಮ್ಸ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ಅಣ್ಣ ಜ್ಯಾಕ್ ಜೊತೆ ಕೂತು ಕತೆ-ಕಲ್ಪನೆ ಕಟ್ಟುತ್ತ, ಕೋಡನ್ನು ತಾವೇ ಬರೆದು 2006ರ ಆಗಸ್ಟ್‌ನಲ್ಲಿ ಗೇಮ್ ಬಿಟ್ಟರು. ಪರದೆಯ ಮೇಲೆ ಬರೀ ಅಕ್ಷರ, ಚಿಹ್ನೆಗಳು. ಅದರ ಹಿಂದೆ ನೂರಾರು ವರ್ಷದ ಇತಿಹಾಸವಿರುವ ಲೋಕ, ಒಬ್ಬೊಬ್ಬ ಕುಳ್ಳನಿಗೂ ನೆನಪು, ಕೋಪ, ಇಷ್ಟದ ಪಾನೀಯ. ಕಾಣಿಕೆ ಕೊಟ್ಟವರಿಗೆ ಅಣ್ಣತಮ್ಮಂದಿರು ಕ್ರೇಯಾನ್ ಚಿತ್ರವನ್ನೋ ಪುಟ್ಟ ಕತೆಯನ್ನೋ ಬರೆದು ಕಳಿಸುತ್ತಿದ್ದರು, ಬಂದ ಮೊತ್ತವನ್ನು ತಿಂಗಳು ತಿಂಗಳೂ ಬಹಿರಂಗವಾಗಿ ಪ್ರಕಟಿಸುತ್ತಿದ್ದರು. ಹೀಗೆ ಹದಿನಾರು ವರ್ಷ ನಡೆಯಿತು. ಹೊಟ್ಟೆಬಟ್ಟೆಗೆ ಸಾಕಾಗುತ್ತಿತ್ತು, ಆದರೆ ಅಮೆರಿಕದ ಆಸ್ಪತ್ರೆ ಬಿಲ್ಲಿಗಲ್ಲ. ಜ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡು ಚಿಕಿತ್ಸೆ ಆದ ಮೇಲೆ, 2019ರಲ್ಲಿ, ಚಿತ್ರಗಳಿರುವ ಆವೃತ್ತಿಯನ್ನು ಸ್ಟೀಮ್‌ನಲ್ಲಿ ಮಾರುವುದಾಗಿ ಘೋಷಿಸಿದರು. 2022ರ ಡಿಸೆಂಬರ್ 6ರಂದು 30 ಡಾಲರ್ ಬೆಲೆಗೆ ಬಂತು. ಮುಂದಿನ ತಿಂಗಳ ವರದಿಯಲ್ಲಿ ಆದಾಯ 70 ಲಕ್ಷ ಡಾಲರ್ ದಾಟಿತ್ತು. ಅಕ್ಷರಗಳ ಹಳೆಯ ಆವೃತ್ತಿ ಈಗಲೂ ಅವರ ತಾಣದಲ್ಲಿ ಉಚಿತ.

ಇದನ್ನು ನೋಡಿ 'ಕೊನೆಗೆ ಮಾರಿದ್ದರಿಂದಲೇ ಉದ್ಧಾರ' ಅನ್ನುವವರಿದ್ದಾರೆ. ಅರ್ಧ ನಿಜ. ಹದಿನಾರು ವರ್ಷ ಉಚಿತವಾಗಿ ಆಡಿದ ಜನ ಇಲ್ಲದಿದ್ದರೆ ಮೊದಲ ದಿನ ಕೊಳ್ಳಲು ಸಾಲು ನಿಲ್ಲುವವರಾರು? ಡೆರೆಕ್ ಯು 2008ರಲ್ಲಿ ಬಿಟ್ಟಿ ಕೊಟ್ಟ 'ಸ್ಪೆಲಂಕಿ'ಯನ್ನು 2012ರಲ್ಲಿ ಹೊಸದಾಗಿ ಕಟ್ಟಿ ಮಾರಿದಾಗಲೂ, ನಾಲ್ಕು ದಿನದಲ್ಲಿ ಇಬ್ಬರು ಪೀಕೊ-8 ಎಂಬ ಪುಟ್ಟ ಗೇಮ್‌ಗಳ ತಂತ್ರಾಂಶದಲ್ಲಿ ಮಾಡಿದ 'ಸೆಲೆಸ್ಟ್' 2018ರಲ್ಲಿ ದೊಡ್ಡ ಗೇಮ್ ಆದಾಗಲೂ ಆದದ್ದು ಅದೇ. ಆದರೆ ಐದು ನಿಮಿಷದ ಪ್ಯಾಸೇಜ್‌ಗೆ 'ದೊಡ್ಡ ಆವೃತ್ತಿ' ಎಂಬುದೇ ಇರಲಾರದು. ಅಂಥ ಗೇಮ್ ಮಾಡುವವರಿಗೆ ಕಾಣಿಕೆ, ಚಂದಾ ಎರಡೇ ದಾರಿ.

ಒಂದೇ ತಾಣವನ್ನು ನಂಬಿ ಕೂರುವುದೂ ಅಪಾಯ. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಇಚ್ ತಾಣ ವಯಸ್ಕರ ವಿಷಯ ಎಂಬ ಗುರುತಿದ್ದ ಗೇಮ್‌ಗಳನ್ನೆಲ್ಲ ಹುಡುಕಾಟದಿಂದ ಒಮ್ಮೆಲೇ ಮರೆಮಾಡಿತು. ಬಿಡಿಗಾಸೂ ಕೇಳದವು ಕೂಡ ಅದರಲ್ಲಿದ್ದವು. ಉಚಿತವಾದವುಗಳನ್ನು ಕೆಲವು ದಿನಗಳ ನಂತರ ಮರಳಿ ತೋರಿಸತೊಡಗಿದರು. ಡೆವಲಪರ್‌ಗೆ ತನ್ನದೇ ತಾಣ ಅಥವಾ ಇಮೇಲ್ ಪಟ್ಟಿ ಇದ್ದರೆ ಅದಕ್ಕೆ ಸೇರಿಕೊಳ್ಳಿ.

ಕರ್ನಾಟಕದಿಂದ ಕೊಡುವಾಗ, ಇಲ್ಲಿ ಕೂತು ಪಡೆಯುವಾಗ

ಇಚ್, ಕೋ-ಫಿಗಳಲ್ಲಿ ಯುಪಿಐ ನಡೆಯುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು, ಅದರಲ್ಲಿ ವಿದೇಶಿ ವ್ಯವಹಾರದ ಸ್ವಿಚ್ ಆನ್ ಆಗಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಕಾರ್ಡ್ ತಿರಸ್ಕೃತವಾದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಇದನ್ನು ನೋಡಿ. ಬ್ಯಾಂಕು ವಿನಿಮಯದ ಮೇಲೆ ಸಾಮಾನ್ಯವಾಗಿ ಶೇ 2ರಿಂದ 3.5, ಆ ಶುಲ್ಕದ ಮೇಲೆ ಜಿಎಸ್‌ಟಿ ಹಾಕುತ್ತದೆ. ತಿಂಗಳ ಚಂದಾ ಇನ್ನೂ ನಾಜೂಕು: 2021ರ ಅಕ್ಟೋಬರ್‌ನಿಂದ ತಾನಾಗಿ ಕಡಿತವಾಗುವ ಪಾವತಿಗೆ ಇ-ಮ್ಯಾಂಡೇಟ್ (ಬ್ಯಾಂಕಿಗೆ ಮೊದಲೇ ಕೊಡುವ ಒಪ್ಪಿಗೆ) ಕಡ್ಡಾಯ, ಬ್ಯಾಂಕೂ ವಿದೇಶಿ ತಾಣವೂ ಎರಡೂ ಅದಕ್ಕೆ ಹೊಂದಿಕೊಂಡಿರದಿದ್ದರೆ ಎರಡನೇ ತಿಂಗಳು ಚಂದಾ ಸದ್ದಿಲ್ಲದೆ ನಿಂತುಹೋಗುತ್ತದೆ. ವರ್ಷಕ್ಕೊಮ್ಮೆ ಕೈಯಾರೆ ದೊಡ್ಡ ಮೊತ್ತ ಕೊಡುವುದು ನಮ್ಮವರಿಗೆ ವಾಸಿ. ಭಾರತದ ಪೇಪಾಲ್ ಖಾತೆಯಿಂದ 'ಸ್ನೇಹಿತರಿಗೆ' ಎಂಬ ಬಗೆಯ ಪಾವತಿ ಹೋಗುವುದೇ ಇಲ್ಲ. ಯುಪಿಐ ಒಂದೇ ಇರುವವರಿಗೆ ಸ್ಟೀಮ್ ಸುಲಭ, ಅಲ್ಲಿ ಬೆಲೆಯೂ ರೂಪಾಯಿಯಲ್ಲೇ ಇರುತ್ತದೆ.

ಪಡೆಯುವವರ ಕಡೆ ಕಾಗದಪತ್ರ ಹೆಚ್ಚು. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ವಿದೇಶದಿಂದ ಬರುವುದು ಮಾತ್ರ ನಡೆಯುತ್ತದೆ, ಅದಕ್ಕೆ ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ದುಡ್ಡು ಯಾತಕ್ಕೆ ಬಂತೆಂದು ಹೇಳುವ ಸಂಕೇತ) ಮೂರೂ ಬೇಕು. ಅಂದರೆ ಇಲ್ಲಿಂದ ಗೇಮ್ ಬಿಡುವ ಹುಡುಗನಿಗೆ ಪಕ್ಕದ ಬೀದಿಯವರು ಪೇಪಾಲ್‌ನಲ್ಲಿ ಕೊಡಲಾರರು, ಬರ್ಲಿನ್‌ನವರು ಕೊಡಬಹುದು! ಹಾಗಾಗಿ ಗೇಮಿನ ಪುಟದಲ್ಲೇ ಒಂದು ಯುಪಿಐ ಕ್ಯೂಆರ್ ಹಾಕಿಬಿಡುವುದು ಒಳ್ಳೆಯದು. ಇಚ್ ಕಡೆಯಿಂದ ದುಡ್ಡು ಪಡೆಯಲು ಅಮೆರಿಕದ ತೆರಿಗೆ ಪ್ರಶ್ನಾವಳಿ ತುಂಬಬೇಕು. ಅಲ್ಲಿ ನಮ್ಮ ಪ್ಯಾನ್ ಸಂಖ್ಯೆಯೇ ವಿದೇಶಿ ತೆರಿಗೆ ಸಂಖ್ಯೆ. ಭಾರತ-ಅಮೆರಿಕ ತೆರಿಗೆ ಒಪ್ಪಂದವನ್ನು ಹೆಸರಿಸದೆ ಬಿಟ್ಟರೆ ಅಲ್ಲಿನ ತೆರಿಗೆ ಕಡಿತ ಹೆಚ್ಚಾಗಬಹುದು.

ದುಡ್ಡಲ್ಲದ ಬೆಂಬಲ

ಒಬ್ಬಂಟಿ ಡೆವಲಪರ್ ಬಳಿ ಇರುವುದು ಒಂದೋ ಎರಡೋ ಕಂಪ್ಯೂಟರ್. ನಿಮ್ಮದರಲ್ಲಿ ಗೇಮ್ ಕೆಟ್ಟರೆ ಅವರಿಗೆ ಗೊತ್ತಾಗುವುದು ನೀವು ಹೇಳಿದರೆ ಮಾತ್ರ. 'ಓಪನ್ ಆಗ್ತಿಲ್ಲ, ಫಿಕ್ಸ್ ಮಾಡಿ' ಎಂಬ ಒಂದು ಸಾಲಿನಿಂದ ಅವರು ಏನೂ ಮಾಡಲಾರರು. ಹೀಗೆ ಬರೆಯಿರಿ: 'ಆವೃತ್ತಿ 1.2, ವಿಂಡೋಸ್ 11, ಇಂಟೆಲ್ ಗ್ರಾಫಿಕ್ಸ್. ಎರಡನೇ ಕೋಣೆಯಲ್ಲಿ ಕೀಲಿ ಎತ್ತಿಕೊಂಡು, ಅದೇ ಬಾಗಿಲಿನಿಂದ ವಾಪಸ್ ಬಂದರೆ ಪರದೆ ಕಪ್ಪಾಗುತ್ತದೆ, ಸಂಗೀತ ಮಾತ್ರ ಕೇಳುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ ಆಯಿತು. ಕೀಲಿ ಎತ್ತದೆ ಬಂದರೆ ಆಗುವುದಿಲ್ಲ.' ಕೊನೆಯ ಆ ವಾಕ್ಯವೇ ಅವರ ಅರ್ಧ ದಿನ ಉಳಿಸುತ್ತದೆ. ಗೇಮ್ ಫೋಲ್ಡರ್‌ನಲ್ಲಿ ಲಾಗ್ ಕಡತ ಇದ್ದರೆ ಲಗತ್ತಿಸಿ.

ಪ್ರತಿಯನ್ನು ಕಾಪಾಡುವುದೂ ಬೆಂಬಲವೇ. ಬ್ರೌಸರ್‌ನಲ್ಲಿ ಗೇಮ್, ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶವನ್ನು ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿ, 2021ರ ಜನವರಿ 12ರಿಂದ ಪ್ಲೇಯರ್ ಓಡದಂತೆಯೇ ಮಾಡಿದಾಗ ಒಂದು ತಲೆಮಾರಿನ ಪ್ರಯೋಗಗಳು ಬ್ರೌಸರ್‌ನಿಂದ ಮಾಯವಾದವು. ಫ್ಲ್ಯಾಶ್‌ಪಾಯಿಂಟ್ ಎಂಬ ಸ್ವಯಂಸೇವಕರ ಯೋಜನೆ ಲಕ್ಷಕ್ಕೂ ಹೆಚ್ಚು ಗೇಮ್, ಅನಿಮೇಷನ್‌ಗಳನ್ನು ಉಳಿಸಿದೆ. ರಫಲ್ ಎಂಬ ಎಮ್ಯುಲೇಟರ್ (ಫ್ಲ್ಯಾಶ್‌ನ ಕೆಲಸವನ್ನು ಅನುಕರಿಸುವ ತಂತ್ರಾಂಶ) ಫ್ಲ್ಯಾಶ್‌ನ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನ ಹಳೆಯ 1, 2ರಲ್ಲಿ ಬರೆದವನ್ನು ಚೆನ್ನಾಗಿ ಓಡಿಸುತ್ತದೆ, 3ರಲ್ಲಿ ಬರೆದವು ಇನ್ನೂ ಕೆಲವು ಎಡವುತ್ತವೆ. ಇಷ್ಟವಾದ ಫ್ರೀವೇರ್‌ನ ಜಿಪ್ಪನ್ನು ಆವೃತ್ತಿ ಸಂಖ್ಯೆ, ರೀಡ್‌ಮಿ ಸಮೇತ ನಿಮ್ಮ ಡಿಸ್ಕಿನಲ್ಲಿಟ್ಟುಕೊಳ್ಳಿ. ಇಚ್‌ನಲ್ಲಿ ಉಚಿತವಾಗಿ ಇಳಿಸಿಕೊಂಡದ್ದು ಕೊಂಡದ್ದರಂತೆ ನಿಮ್ಮ ಲೈಬ್ರರಿಗೆ ಸೇರುವುದಿಲ್ಲ, ಮರೆಯದಿರಲು ಕಲೆಕ್ಷನ್‌ಗೆ ಹಾಕಿ.

ಕನ್ನಡಕ್ಕೆ ಅನುವಾದ ಮಾಡಿಕೊಡುತ್ತೇನೆ ಎಂದು ಹೊರಡುವವರು ಮೊದಲು ಎಂಜಿನ್ ಯಾವುದೆಂದು ಕೇಳಿ. 'ಶಸ್ತ್ರ' ಎಂಬ ಪದ ಕಂಪ್ಯೂಟರ್‌ಗೆ ಆರು ಸಂಕೇತ: ಶ, ಸ, ವಿರಾಮ (ಅಕ್ಷರವನ್ನು ಅರ್ಧವಾಗಿಸುವ '್' ಗುರುತು), ತ, ವಿರಾಮ, ರ. ಇವನ್ನು ಜೋಡಿಸಿ ಒತ್ತಕ್ಷರ ಕೂರಿಸುವ ಕೆಲಸ ಬ್ರೌಸರ್ ತಾನೇ ಮಾಡುತ್ತದೆ, ಆದ್ದರಿಂದ ಟ್ವೈನ್‌ನಲ್ಲಿ ಮಾಡಿದ ಕಥಾ ಗೇಮ್‌ಗಳಿಗೆ ಕನ್ನಡ ಸಲೀಸು. ಗೋಡೋ ಎಂಜಿನ್‌ನ 4ನೇ ಆವೃತ್ತಿಯಲ್ಲೂ ಆಗುತ್ತದೆ, ಗೋಡೋ 3ರಲ್ಲಿ ಆಗುವುದಿಲ್ಲ. ಯೂನಿಟಿ ಎಂಜಿನ್‌ನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ, ಗೇಮ್‌ಮೇಕರ್ ಎಂಜಿನ್‌ಗಳಲ್ಲಿ ಆ '್' ಗುರುತುಗಳು ಬಿಡಿಬಿಡಿಯಾಗಿ ಸಾಲಿನಲ್ಲೇ ನಿಂತುಬಿಡುತ್ತವೆ. ಅಲ್ಲಿ ಸಂಭಾಷಣೆಯನ್ನು ಚಿತ್ರವಾಗಿ ಬರೆದು ಹಾಕಬೇಕಾಗುತ್ತದೆ, ಹೆಚ್ಚು ಮಾತಿರುವ ಗೇಮ್‌ಗೆ ಅದು ಆಗುವ ಕೆಲಸವಲ್ಲ. ಎಂಜಿನ್ ಸರಿಯಿದ್ದರೂ ಮಾತು ಒಂದೊಂದೇ ಅಕ್ಷರವಾಗಿ ಟೈಪ್ ಆಗುವ ಗೇಮ್‌ಗಳಲ್ಲಿ ಪರದೆ ನಡುಗುತ್ತದೆ: 'ಸ' ಬಂತು, 'ಸ್' ಆಯಿತು, 'ಸ್ತ' ಆಯಿತು, ಹೀಗೆ ಪ್ರತಿ ಸಂಕೇತಕ್ಕೂ ಆಕಾರ ಬದಲಾಗುತ್ತದೆ. ಪದ ಪದವಾಗಿ ತೋರಿಸಲು ಡೆವಲಪರ್‌ಗೆ ಹೇಳಿ, ಅವರಿಗೆ ಅದು ಸಾಮಾನ್ಯವಾಗಿ ಸಣ್ಣ ಬದಲಾವಣೆ. ಗೋಡೋದ ವೆಬ್ ಆವೃತ್ತಿಯಲ್ಲಿ ಗಣಕದ ಫಾಂಟ್ ಸಿಗುವುದಿಲ್ಲವಾದ್ದರಿಂದ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ, ಫಾಂಟನ್ನು ಗೇಮ್ ಒಳಗೇ ಸೇರಿಸಬೇಕು. ಮೈಕ್ರೋಸಾಫ್ಟ್‌ನ ತುಂಗಾ ಫಾಂಟನ್ನು ಹಾಗೆ ಹಂಚಲು ಅನುಮತಿಯಿಲ್ಲ. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿರುವ ನೋಟೋ ಸಾನ್ಸ್ ಕನ್ನಡ ಹಾಕಿ, ಲೈಸೆನ್ಸ್ ಕಡತವನ್ನೂ ಜಿಪ್‌ನಲ್ಲಿಡಲು ಮರೆಯಬೇಡಿ.